ಕಂಪ್ಯೂಟರು ಕೊಟ್ಟ ಸೊನ್ನೆ

ದಸರಾ ರಜೆ ಮುಗಿದು ವಾರವಾಗಿತ್ತು. ಭಾನುವಾರ ಬೆಳಿಗ್ಗೆ ಎರಡನೇ ಲೋಟ ಕಾಫಿ ಹಿಡಿದು ಪತ್ರಿಕೆ ಬಿಡಿಸಿ ಕೂತಿದ್ದವನಿಗೆ ಬಾಗಿಲಲ್ಲಿ ಭಾವ ಕಂಡರು. ಕೈಯಲ್ಲಿ ಎಂದಿನಂತೆ ತೆಂಗಿನಕಾಯಿ ತುಂಬಿದ ಚೀಲ. ಅವರ ಹಿಂದೆ ಅಕ್ಕನ ಮಗಳು ಪುಟ್ಟಿ, ಮುಖ ಸಣ್ಣದು ಮಾಡಿಕೊಂಡು. ತಿಪಟೂರಿನಿಂದ ತುಮಕೂರಿಗೆ ಬೆಳಗಿನ ರೈಲಿಗೇ ಬಂದಿದ್ದರು. ಭಾವ ಕಾರಣವಿಲ್ಲದೆ ರೈಲು ಹತ್ತುವವರಲ್ಲ. ಮೂವತ್ತು ವರ್ಷದಿಂದ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಅವರಿಗೆ ಭಾನುವಾರವೆಂದರೆ ನಿದ್ದೆಯ ದಿನ.

ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ವಿಷಯ ಹೊರಬಿತ್ತು. ಪುಟ್ಟಿ ಎಂಜಿನಿಯರಿಂಗ್ ಮೊದಲ ವರ್ಷ. ರಜೆಗೆಂದು ಹಾಸ್ಟೆಲಿನಿಂದ ಬಂದವಳು ವಾಪಸು ಹೋಗುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಾಳೆ. ಗಣಿತದಲ್ಲಿ ತೊಂದರೆಯಿಲ್ಲ, ಭೌತಶಾಸ್ತ್ರ ಹೇಗೋ ನಡೆಯುತ್ತಿದೆ. ಆದರೆ ಸಿ ಪ್ರೋಗ್ರಾಮಿಂಗ್ ಎಂಬ ವಿಷಯದ ಮೊದಲ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ನಾಲ್ಕು.

"ಇವಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಅಲ್ವೇನಯ್ಯಾ, ಅದೇ ಹೊಡೆತ ಕೊಟ್ಟಿರೋದು" ಎಂದರು ಭಾವ. "ಯಾವುದೋ ಕ್ಲಾಸಿದೆಯಂತೆ, ಮೂರು ತಿಂಗಳಿಗೆ ಹದಿನೆಂಟು ಸಾವಿರ. ಸೊಸೈಟಿಯಲ್ಲಿ ಸಾಲ ತೆಗೀಲಾ ಅಂತ ಯೋಚನೆ. ನೀನು ಇದರಲ್ಲೇ ಅನ್ನ ತಿನ್ನೋನು, ಒಂದು ಮಾತು ಕೇಳೋಣ ಅಂತ ಬಂದೆ."

ಪುಟ್ಟಿ ನೆಲ ನೋಡುತ್ತಲೇ, "ನಂಗೆ ಇದು ಬರಲ್ಲ ಮಾವ. ಎಲ್ಲ ಪ್ರೋಗ್ರಾಮ್ ಬಾಯಿಪಾಠ ಮಾಡ್ಕೊಂಡೇ ಹೋಗಿದ್ದೆ. ಪರೀಕ್ಷೇಲಿ ಸ್ವಲ್ಪ ಬದಲಾಯಿಸಿ ಕೇಳಿಬಿಟ್ರು" ಎಂದಳು.

ಆ ಕೊನೆಯ ವಾಕ್ಯ ಕೇಳಿ ನನ್ನ ಎದೆ ಧಸಕ್ಕೆಂದಿತು. ಅದೇಕೆಂದು ಆಮೇಲೆ ಹೇಳುತ್ತೇನೆ.

ಹನ್ನೆರಡು ಪದದ ಭಾಷೆ

ಮೊದಲು ಕನ್ನಡ ಮೀಡಿಯಮ್ಮಿನ ಮಾತು ಮುಗಿಸಿಬಿಡೋಣ. ನಮ್ಮ ಊರುಗಳಲ್ಲಿ ಎಷ್ಟೋ ಮಕ್ಕಳು, ಅವರಿಗಿಂತ ಹೆಚ್ಚಾಗಿ ಅವರ ತಂದೆ ತಾಯಂದಿರು, ಪ್ರೋಗ್ರಾಮಿಂಗ್ ಎಂದರೆ ಇಂಗ್ಲಿಷು ಎಂದೇ ತಿಳಿದಿದ್ದಾರೆ. ಆದರೆ 1989ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಆನ್ಸಿ, ಸಿ ಭಾಷೆಗೆ ಒಂದು ಖಚಿತ ರೂಪ ಕೊಟ್ಟಾಗ ಅದರಲ್ಲಿದ್ದ ಕೀವರ್ಡುಗಳು, ಅಂದರೆ ಭಾಷೆ ತನಗೆಂದೇ ಕಾದಿಟ್ಟುಕೊಂಡ ಪದಗಳು, ಬರೇ ಮೂವತ್ತೆರಡು. 1999ರ ಪರಿಷ್ಕರಣೆಯಲ್ಲಿ ಐದು ಸೇರಿದವು, ಆಮೇಲೆ ಇನ್ನಷ್ಟು ಸೇರಿವೆ. ಹೊಸಬರಿಗೆ ಅವುಗಳ ಗೊಡವೆ ಇಲ್ಲ. ಮೂವತ್ತೆರಡರಲ್ಲೂ ಮೊದಲ ಮೂರು ತಿಂಗಳಿಗೆ ಒಂದು ಡಜನ್ ಸಾಕು: ಇಂಟ್, ಫ್ಲೋಟ್, ಕ್ಯಾರ್, ಇಫ್, ಎಲ್ಸ್, ಫಾರ್, ವೈಲ್, ಡೂ, ಸ್ವಿಚ್, ಕೇಸ್, ಬ್ರೇಕ್, ರಿಟರ್ನ್. ಪ್ರಿಂಟ್‌ಎಫ್, ಸ್ಕ್ಯಾನ್‌ಎಫ್ ಎಂಬ ಸುಪ್ರಸಿದ್ಧರು ಈ ಪಟ್ಟಿಯಲ್ಲೇ ಇಲ್ಲ. ಅವು ಭಾಷೆಯ ಜೊತೆ ಪೆಟ್ಟಿಗೆಯಲ್ಲಿ ಬರುವ ಸಿದ್ಧ ಉಪಕರಣಗಳು.

ಹನ್ನೆರಡು ಪದದ ಭಾಷೆಯನ್ನು ಕಲಿಯಲು ಯಾವ ಮೀಡಿಯಂ ಆದರೇನು? ಲಂಡನ್ನಿನಲ್ಲಿ ಹುಟ್ಟಿದ ಮಗುವಿಗೂ ಸಿ ಸುಲಭವಾಗಿ ಬರುವುದಿಲ್ಲ. ಕಷ್ಟವಿರುವುದು ಇನ್ನೊಂದು ಕಡೆ. ಅಡುಗೆಮನೆಯಿಂದ ಅಮ್ಮ "ಸಾರಿಗೆ ಸ್ವಲ್ಪ ಉಪ್ಪು ಹಾಕೇ" ಎಂದರೆ ಮಗಳಿಗೆ ಅರ್ಥವಾಗುತ್ತದೆ. ಸಿ ಭಾಷೆಯಲ್ಲಿ 'ಸ್ವಲ್ಪ' ಎಂಬ ಪದವಿಲ್ಲ. ಎಷ್ಟು ಗ್ರಾಂ, ಯಾವ ಪಾತ್ರೆಗೆ, ಒಲೆ ಹಚ್ಚುವ ಮೊದಲೋ ಆಮೇಲೋ, ಉಪ್ಪಿನ ಡಬ್ಬಿ ಖಾಲಿಯಿದ್ದರೆ ಏನು ಮಾಡಬೇಕು, ಎಲ್ಲವನ್ನೂ ಹೇಳಬೇಕು. ಹೇಳಿದ್ದನ್ನು ಅದು ಹೇಳಿದ ಹಾಗೆಯೇ ಮಾಡುತ್ತದೆ. ನಮ್ಮ ಮನಸ್ಸಿನಲ್ಲಿದ್ದದ್ದನ್ನು ಮಾಡುವುದಿಲ್ಲ. ಈ ಶಿಸ್ತು ಇಂಗ್ಲಿಷಿನವರಿಗೂ ಹೊಸದು, ಕನ್ನಡದವರಿಗೂ ಹೊಸದು.

ಈ ಜಿಪುಣತನಕ್ಕೂ ಕಾರಣವಿದೆ. ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಎಂಬ ವಿಜ್ಞಾನಿ 1972ರ ಸುಮಾರಿಗೆ ಈ ಭಾಷೆಗೆ ರೂಪ ಕೊಟ್ಟ. ಅವನ ಸಹೋದ್ಯೋಗಿ ಕೆನ್ ಥಾಂಪ್ಸನ್ ಅದಕ್ಕೂ ಮುಂಚೆ ಮಾಡಿದ್ದ ಭಾಷೆಯ ಹೆಸರು ಬಿ. ಬಿ ಆದ ಮೇಲೆ ಸಿ. ನಾಮಕರಣಕ್ಕೆ ಜೋಯಿಸರ ಅಗತ್ಯ ಬೀಳಲಿಲ್ಲ. ಇವರಿಬ್ಬರೂ ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ಕಟ್ಟುತ್ತಿದ್ದ ಮೊದಲ ಪಿಡಿಪಿ-11 ಯಂತ್ರದ ಮೆಮೊರಿ 24 ಕಿಲೋಬೈಟು. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸದು. ಅಂಥ ಇಕ್ಕಟ್ಟಿನಲ್ಲಿ ಹುಟ್ಟಿದ ಭಾಷೆ ಪದಗಳಲ್ಲಿ ಬಿಗಿಹಿಡಿತ ಮಾಡಿದ್ದು ಸಹಜವೇ. 1978ರಲ್ಲಿ ಬ್ರಯಾನ್ ಕರ್ನಿಹನ್ ಜೊತೆಗೂಡಿ ರಿಚಿ ಈ ಭಾಷೆಗೆ ಬರೆದ ಪುಸ್ತಕವೂ ಸಣ್ಣದೇ, 228 ಪುಟ. ಪರದೆಯ ಮೇಲೆ 'ಹಲೋ ವರ್ಲ್ಡ್' ಎಂದು ಮೂಡಿಸುವುದೇ ಹೊಸಬರ ಮೊದಲ ಪ್ರೋಗ್ರಾಮು ಎಂಬ ಸಂಪ್ರದಾಯ ಲೋಕಕ್ಕೆಲ್ಲ ಹಬ್ಬಿದ್ದು ಆ ಪುಸ್ತಕದಿಂದ. ರಿಚಿ 2011ರ ಅಕ್ಟೋಬರಿನಲ್ಲಿ ತೀರಿಕೊಂಡ. ಅದೇ ತಿಂಗಳ 5ರಂದು ಸ್ಟೀವ್ ಜಾಬ್ಸ್ ತೀರಿಕೊಂಡಿದ್ದರಿಂದ ಜಗತ್ತೆಲ್ಲ ಆ ದುಃಖದಲ್ಲಿತ್ತು. ಇವನ ಸಾವು ಹೆಚ್ಚು ಸದ್ದು ಮಾಡಲಿಲ್ಲ.

ಒಡೆಯದ ಕಾಯಿ

ನಾನು ಹಳೆಯ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ಪುಟ್ಟಿಗೆ ಹೇಳಿದೆ: "ಬಾಯಿಪಾಠ ಮಾಡಿದ್ದು ಯಾವುದೂ ಬೇಡ. ನಿನ್ನ ಪಿಯುಸಿ ಅಂಕದ ಶೇಕಡಾ ಎಷ್ಟು ಅಂತ ಕಂಡುಹಿಡಿಯೋ ಪ್ರೋಗ್ರಾಮ್ ಬರಿ. ಆರುನೂರಕ್ಕೆ ಎಷ್ಟು ಬಂದಿತ್ತು?"

"ನಾನೂರ ಮೂವತ್ತೇಳು."

ಹತ್ತು ನಿಮಿಷ ಟೈಪಿಸಿದಳು. ಕಂಪೈಲರಿಗೆ ಕೊಟ್ಟಳು. ಪರದೆಯ ತುಂಬ ತಪ್ಪುಗಳ ಪಟ್ಟಿ ಬಿತ್ತು. "ನೋಡಿ ಮಾವ!" ಎಂದು ಕೈ ಎತ್ತಿಬಿಟ್ಟಳು. ಪಟ್ಟಿಯನ್ನೆಲ್ಲ ನೋಡಬೇಡ, ಮೊದಲನೆಯದನ್ನಷ್ಟೇ ಓದು ಎಂದೆ. ಐದನೇ ಸಾಲಿನಲ್ಲಿ ತಪ್ಪಿದೆ ಎನ್ನುತ್ತಿತ್ತು. ಐದನೇ ಸಾಲನ್ನು ಎಷ್ಟು ನೋಡಿದರೂ ಸರಿಯಾಗಿಯೇ ಇದೆ. ತಪ್ಪಿದ್ದದ್ದು ನಾಲ್ಕನೇ ಸಾಲಿನ ಕೊನೆಯಲ್ಲಿ. ಅಲ್ಲಿ ಅರ್ಧವಿರಾಮ ಬಿಟ್ಟುಹೋಗಿತ್ತು. ಅರ್ಧವಿರಾಮ ಸಿಗುವವರೆಗೂ ಕಂಪೈಲರು ವಾಕ್ಯ ಇನ್ನೂ ಮುಗಿದಿಲ್ಲವೆಂದು ಮುಂದಿನ ಸಾಲಿಗೆ ಹೋಗುತ್ತದೆ, ಅಲ್ಲಿ ಎಡವುತ್ತದೆ, ಎಡವಿದ ಜಾಗವನ್ನು ತೋರಿಸುತ್ತದೆ. ಎಡವುವುದಕ್ಕೆ ಕಾರಣವಾದ ಕಲ್ಲು ಎಷ್ಟೋ ಸಲ ಒಂದು ಸಾಲು ಹಿಂದೆಯೇ ಇರುತ್ತದೆ. ಆ ಒಂದು ಗುರುತು ಹಾಕಿದ್ದೇ ತಡ, ಇಡೀ ಪಟ್ಟಿ ಮಾಯವಾಯಿತು.

ಈಗ ಓಡಿಸಿದಳು. ಅಂಕ ಕೇಳಿತು, 437 ಎಂದು ಒತ್ತಿದಳು. ಉತ್ತರ ಬಂತು: 0.00.

ಪುಟ್ಟಿಯ ಕಣ್ಣಲ್ಲಿ ನೀರು ತುಂಬಿತು. "ನೋಡಿದ್ರಾ, ಕಂಪ್ಯೂಟರ್ರೂ ನಂಗೆ ಸೊನ್ನೇನೇ ಕೊಟ್ಟಿದೆ."

ಅವಳು ಬರೆದ ಸೂತ್ರ, ಅಂಕ / 600 * 100. ಶಾಲೆಯ ಗಣಿತದ ಪ್ರಕಾರ ಇದರಲ್ಲಿ ಲವಲೇಶ ತಪ್ಪಿಲ್ಲ. ತಪ್ಪು ಹುಡುಕಲು ನಾನು ಬಾಯಿ ತೆರೆಯುವ ಮುಂಚೆ ಭಾವನವರನ್ನು ಕರೆದು ಕೂರಿಸಿಕೊಂಡೆ. "ಭಾವ, ನಿಮ್ಮ ಹತ್ತಿರ ನಾನೂರ ಮೂವತ್ತೇಳು ಕಾಯಿ ಇದೆ. ಆರುನೂರು ಜನ ಸಾಲಾಗಿ ನಿಂತಿದ್ದಾರೆ. ಎಲ್ಲರಿಗೂ ಸಮನಾಗಿ ಹಂಚಬೇಕು, ಕಾಯಿ ಒಡೆಯೋ ಹಾಗಿಲ್ಲ. ತಲೆಗೆ ಎಷ್ಟು ಬರುತ್ತೆ?"

ಭಾವ ಒಂದು ಕ್ಷಣವೂ ಯೋಚಿಸಲಿಲ್ಲ. "ಒಡೆಯದೆ ಹ್ಯಾಗಯ್ಯಾ ಬರುತ್ತೆ? ತಲೆಗೆ ಸೊನ್ನೆ. ಕಾಯಿ ಎಲ್ಲ ಚೀಲದಲ್ಲೇ ಉಳೀತದೆ."

"ಆ ಸೊನ್ನೆಯನ್ನ ನೂರರಿಂದ ಗುಣಿಸಿ."

"ಸೊನ್ನೇನೇ."

ಪುಟ್ಟಿ ಅಪ್ಪನ ಮುಖವನ್ನೇ ನೋಡಿದಳು. ಇಂಟ್ ಎಂದರೆ ಕಾಯಿಯ ಲೆಕ್ಕ, ಇಡಿಯಾಗಿ ಎಣಿಸುವುದು. ಫ್ಲೋಟ್ ಎಂದರೆ ಎಣ್ಣೆಯ ಲೆಕ್ಕ, ಅಳೆದು ಭಾಗ ಮಾಡಬಹುದಾದದ್ದು. ಸಿ ಭಾಷೆಯಲ್ಲಿ ಒಂದು ಇಡೀ ಸಂಖ್ಯೆಯನ್ನು ಇನ್ನೊಂದು ಇಡೀ ಸಂಖ್ಯೆಯಿಂದ ಭಾಗಿಸಿದರೆ ಬರುವುದೂ ಇಡೀ ಸಂಖ್ಯೆಯೇ. ಉಳಿದ ಚೂರನ್ನು ಅದು ನಿರ್ದಾಕ್ಷಿಣ್ಯವಾಗಿ ಬಿಸಾಡುತ್ತದೆ. ಪುಟ್ಟಿ ಉತ್ತರ ಇಡುವ ಡಬ್ಬಿಯನ್ನು ಫ್ಲೋಟ್ ಎಂದೇ ಹೇಳಿದ್ದಳು. ಆದರೆ ಭಾಗಾಕಾರ ಮೊದಲು ನಡೆದುಹೋಯಿತು, ಸೊನ್ನೆಯಾಯಿತು, ಆಮೇಲೆ ಆ ಸೊನ್ನೆ ಎಣ್ಣೆಯ ಡಬ್ಬಿಗೆ ಬಿತ್ತು. ಎಷ್ಟು ದೊಡ್ಡ ಡಬ್ಬಿಯಾದರೂ ಸೊನ್ನೆ ಸೊನ್ನೆಯೇ.

"ಹಾಗಾದ್ರೆ ಮೊದಲು ಗುಣಿಸಿ ಆಮೇಲೆ ಭಾಗಿಸ್ತೀನಿ" ಎಂದು ಪುಟ್ಟಿ ತಾನೇ ಸೂತ್ರವನ್ನು ಅಂಕ * 100 / 600 ಎಂದು ಬದಲಾಯಿಸಿದಳು. 72.00 ಬಂತು. ಕಣ್ಣೊರೆಸಿಕೊಂಡಳು. ಮರುಕ್ಷಣವೇ ಹುಬ್ಬು ಗಂಟಿಕ್ಕಿತು. "ನನ್ನದು ಎಪ್ಪತ್ತೆರಡು ಪಾಯಿಂಟ್ ಎಂಟು ಮೂರು ಅಲ್ವಾ?" ಹೌದು, ಇಲ್ಲೂ ಚೂರು ಬಿಸಾಡಿತ್ತು. ನೂರರ ಮುಂದೆ ಒಂದು ಚುಕ್ಕಿ, ಒಂದು ಸೊನ್ನೆ ಸೇರಿಸಿ 100.0 ಎಂದು ಬರೆಸಿದೆ. ಈಗ ಅದು ಕಾಯಿಯ ಲೆಕ್ಕವಲ್ಲ, ಎಣ್ಣೆಯ ಲೆಕ್ಕ. 72.83 ಬಂತು.

"ಒಂದು ಚುಕ್ಕಿಗೆ ಇಷ್ಟು ಬೆಲೇನಾ?" ಎಂದು ಭಾವ ಬೆರಗಾದರು. ಮಂಡಿಯ ಲೆಕ್ಕದಲ್ಲಿ ಚುಕ್ಕಿ ಜಾರಿದರೆ ಏನಾಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಾರು?

ನಾನು ಕಲಿತ ಕಾಲದ ಯಂತ್ರದಲ್ಲಾಗಿದ್ದರೆ ಇನ್ನೊಂದು ತಮಾಷೆ ನಡೆಯುತ್ತಿತ್ತು. ಅಂದಿನ ಟರ್ಬೊ ಸಿ ಕಂಪೈಲರಿನಲ್ಲಿ ಇಂಟ್ ಡಬ್ಬಿಗೆ ಹಿಡಿಸುತ್ತಿದ್ದ ಅತಿ ದೊಡ್ಡ ಸಂಖ್ಯೆ 32,767. ಅದರಲ್ಲಿ 437ನ್ನು 100ರಿಂದ ಗುಣಿಸಿದರೆ 43,700 ಆಗಿ ಡಬ್ಬಿ ಉಕ್ಕಿ, ಗಿರ್ರನೆ ಹಿಂದಕ್ಕೆ ತಿರುಗಿ, ಶೇಕಡಾ ಮೈನಸ್ 36 ಎಂಬ ಉತ್ತರ ಬರುತ್ತಿತ್ತು! ಇಂದಿನ ಸಾಮಾನ್ಯ ಕಂಪ್ಯೂಟರುಗಳಲ್ಲಿ ಇಂಟ್ ಇನ್ನೂರು ಕೋಟಿಯನ್ನೂ ಮೀರಿ ಹಿಡಿಸುತ್ತದೆ. ಹಾಗೆಂದು ನೆಮ್ಮದಿಯಾಗಿರುವಂತಿಲ್ಲ. ಹದಿಮೂರರ ಫ್ಯಾಕ್ಟೋರಿಯಲ್, ಅಂದರೆ 1ರಿಂದ 13ರವರೆಗಿನ ಸಂಖ್ಯೆಗಳ ಗುಣಲಬ್ಧ, 622 ಕೋಟಿ ದಾಟುತ್ತದೆ. ಇಂಟ್ ಡಬ್ಬಿಯಲ್ಲಿಟ್ಟರೆ ಸಾಮಾನ್ಯವಾಗಿ 193 ಕೋಟಿ ಚಿಲ್ಲರೆ ಎಂದು ತೋರಿಸುತ್ತದೆ. ಮೈನಸ್ ಬಂದರೆ ಮಕ್ಕಳಿಗೂ ಅನುಮಾನ ಬರುತ್ತದೆ. ಇಂಥ ಗಂಭೀರ ಮುಖದ ತಪ್ಪು ಉತ್ತರವನ್ನು ಯಾರು ಅನುಮಾನಿಸುತ್ತಾರೆ?

ಇದು ಮಕ್ಕಳಾಟದ ಮಾತಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ ಒಂದು ನಿಮಿಷ ತುಂಬುವ ಮೊದಲೇ ಸಿಡಿದುಹೋಯಿತು. ದೊಡ್ಡ ಸಂಖ್ಯೆಯೊಂದನ್ನು ಹದಿನಾರು ಬಿಟ್ಟಿನ ಸಣ್ಣ ಡಬ್ಬಿಗೆ ತುಂಬಲು ಹೋಗಿದ್ದೇ ಅದಕ್ಕೆ ಮೂಲವೆಂದು ತನಿಖೆ ಹೇಳಿತು. ಅಲ್ಲಿ ಬಳಸಿದ್ದು ಅಡಾ ಎಂಬ ಬೇರೆ ಭಾಷೆ. ಭಾಷೆ ಯಾವುದಾದರೇನು, ಡಬ್ಬಿಯ ಅಳತೆ ಮರೆತರೆ ಅನಾಹುತ ಒಂದೇ.

ನನ್ನ 1994

ಈಗ ನನ್ನ ಎದೆ ಧಸಕ್ಕೆಂದ ಕಾರಣ. 1994ರಲ್ಲಿ ಅಪ್ಪ ನನ್ನನ್ನು ಒಂದು ಕಂಪ್ಯೂಟರ್ ತರಗತಿಗೆ ಸೇರಿಸಿದರು. ಬೇಕರಿಯ ಮೇಲಿನ ಮಹಡಿ. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿ, ದೇವಸ್ಥಾನಕ್ಕೆ ಹೋದ ಹಾಗೆ ಒಳಗೆ ಹೋಗಬೇಕು. ಎಸಿಯ ಚಳಿಗೆ ಮೈ ನಡುಗುತ್ತಿತ್ತು. ವಾರಕ್ಕೆ ಒಂದೇ ಗಂಟೆ ಯಂತ್ರದ ಮುಂದೆ ಕೂರುವ ಭಾಗ್ಯ, ಅದೂ ಒಂದು ಯಂತ್ರಕ್ಕೆ ಇಬ್ಬರು. ಉಳಿದ ದಿನ ಮೇಷ್ಟ್ರು ಬೋರ್ಡಿನ ಮೇಲೆ ಪ್ರೋಗ್ರಾಮು ಬರೆಯುವುದು, ನಾವು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದು. ಒಟ್ಟು ಇಪ್ಪತ್ತು ಪ್ರೋಗ್ರಾಮು. ಪರೀಕ್ಷೆಗೆ ಇವುಗಳಲ್ಲೇ ಒಂದು ಬರುತ್ತದೆ ಎಂದರು. ಮಗ್ಗಿ ಬಾಯಿಪಾಠ ಮಾಡಿ ಬೆಳೆದವನು ನಾನು, ಇಪ್ಪತ್ತನ್ನೂ ಅರ್ಧವಿರಾಮ ಸಮೇತ ಬಾಯಿಪಾಠ ಮಾಡಿದೆ.

ಪರೀಕ್ಷೆಯ ದಿನ ನನಗೆ ಬಂದದ್ದು ಹತ್ತು ಸಂಖ್ಯೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸುವುದು. ಕಣ್ಣು ಮುಚ್ಚಿಕೊಂಡು ಟೈಪಿಸಿದೆ. ಒಂದೇ ಏಟಿಗೆ ಓಡಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಮೆಚ್ಚಿ, "ಬಹಳ ಚೆನ್ನಾಗಿದೆ. ಇದನ್ನೇ ಇಳಿಕೆ ಕ್ರಮಕ್ಕೆ ತಿರುಗಿಸಿ, ನೋಡೋಣ" ಎಂದರು.

ನನ್ನ ನೋಟ್‌ಬುಕ್ಕಿನಲ್ಲಿ ಇಳಿಕೆ ಕ್ರಮದ ಪ್ರೋಗ್ರಾಮು ಇರಲಿಲ್ಲ.

ನಾನು ಮಾಡಿದ ಕೆಲಸ ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಪ್ರೋಗ್ರಾಮನ್ನು ಮುಟ್ಟುವ ಧೈರ್ಯ ಬರದೆ, ಸಂಖ್ಯೆಗಳನ್ನೇ ಹಿಂದುಮುಂದಾಗಿ ಟೈಪಿಸಿದೆ. ಅದು ಮತ್ತೆ ಏರಿಕೆ ಕ್ರಮದಲ್ಲೇ ಜೋಡಿಸಿಕೊಟ್ಟಿತು. ಪರೀಕ್ಷಕರು ಏನೂ ಅನ್ನಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ ಪಾಸು ಮಾಡಿ ಮುಂದಿನವನ ಹತ್ತಿರ ಹೋದರು. ಅವರು ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಚಿನ್ನದ ಬಣ್ಣದ ಅಂಚಿನ ಸರ್ಟಿಫಿಕೇಟನ್ನು ಅಪ್ಪ ಫ್ರೇಮು ಹಾಕಿಸಿದರು. ಅದರ ಕೆಳಗೆ ಕೂತು ಊಟ ಮಾಡುವಾಗಲೆಲ್ಲ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಮನೆಯಲ್ಲಿ ಕಂಪ್ಯೂಟರೆಲ್ಲಿಂದ ಬರಬೇಕು? ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಪ್ರೋಗ್ರಾಮು ಬರೆದೆ. ಪಕ್ಕದಲ್ಲಿ ಪ್ರತಿಯೊಂದು ಡಬ್ಬಿಗೂ ಒಂದೊಂದು ಕಂಬಸಾಲು ಎಳೆದೆ. ಮೂರೇ ಸಂಖ್ಯೆ ಇಟ್ಟುಕೊಂಡು, ನಾನೇ ಕಂಪ್ಯೂಟರು ಎಂದುಕೊಂಡು, ಒಂದೊಂದೇ ಸಾಲು ನಡೆಸಿದೆ. ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದೇ? ಹೌದು. ಹಾಗಾದರೆ ಅದಲು ಬದಲು. ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆ. ಮುಂದೆ ಹೋಗು. ಅರ್ಧ ಗಂಟೆಯಲ್ಲಿ ನನಗೆ ಕಂಡಿತು: ಇಡೀ ಪ್ರೋಗ್ರಾಮಿನಲ್ಲಿ 'ದೊಡ್ಡದೇ' ಎಂದು ಕೇಳುವ ಚಿಹ್ನೆ ಇರುವುದು ಒಂದೇ ಕಡೆ. > ಅನ್ನು < ಎಂದು ತಿರುಗಿಸಿದರೆ ಮುಗಿಯಿತು. ಒಂದು ಮೊಂಡು ಪೆನ್ಸಿಲ್ಲು ಒಂದೇ ರಾತ್ರಿಯಲ್ಲಿ ಕಲಿಸಿದ್ದನ್ನು ಒಂದು ವರ್ಷದ ತರಗತಿ ಕಲಿಸಿರಲಿಲ್ಲ. ನಾನು ಸಿ ಕಲಿಯಲು ಶುರುಮಾಡಿದ್ದು ಪರೀಕ್ಷೆ ಪಾಸಾದ ಆ ರಾತ್ರಿ.

ಅಜ್ಜಿಯ ಎಡಗೈ

ಈ ಕಥೆಯನ್ನು ಭಾವನೆದುರಿಗೇ ಪುಟ್ಟಿಗೆ ಹೇಳಿದೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿಟ್ಟು ಕಾಗದ, ಪೆನ್ಸಿಲ್ಲು ಕೊಟ್ಟೆ. "ನಿಮ್ಮಜ್ಜಿ ಸಂತೇಲಿ ದೊಡ್ಡ ಕಾಯಿ ಹ್ಯಾಗೆ ಆರಿಸ್ತಿದ್ರು, ನೆನಪಿದೆಯಾ?"

"ಎಡಗೈಲಿ ಒಂದು ಹಿಡ್ಕೊಂಡು, ಬಲಗೈಲಿ ಒಂದೊಂದೇ ಎತ್ತಿ ನೋಡ್ತಿದ್ರು. ದೊಡ್ಡದು ಸಿಕ್ಕಿದ್ರೆ ಎಡಗೈದು ಕೆಳಗೆ, ಇದು ಎಡಗೈಗೆ."

ಅದೇ ಪ್ರೋಗ್ರಾಮು. ಅವಳು ಬಾಯಿಪಾಠ ಮಾಡಿದ್ದ ಇಪ್ಪತ್ತರಲ್ಲಿ 'ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕುವುದು' ಕೂಡ ಇತ್ತು. ಅದು ಅಜ್ಜಿ ಮಾಡುತ್ತಿದ್ದ ಕೆಲಸವೆಂದು ಮಾತ್ರ ಹೊಳೆದಿರಲಿಲ್ಲ. 34, 71, 18, 56 ಎಂಬ ನಾಲ್ಕು ಸಂಖ್ಯೆ ಇಟ್ಟುಕೊಂಡು ಪೆನ್ಸಿಲ್ಲಿನಿಂದ ನಡೆಸಿದಳು. ಎಡಗೈಯಲ್ಲಿ ಮೊದಲು 0, ಆಮೇಲೆ 34, ಆಮೇಲೆ 71. 18 ಬೇಡ, 56 ಬೇಡ. ಉತ್ತರ 71.

"ಇದರಲ್ಲೇ ಚಿಕ್ಕದನ್ನ ಹುಡುಕು" ಎಂದೆ. ಪರೀಕ್ಷೆಯಲ್ಲಿ ಅವಳನ್ನು ಕೆಡವಿದ ಪ್ರಶ್ನೆಯೂ ಇದೇ ಜಾತಿಯದು.

ಒಂದು ನಿಮಿಷ ಹಾಳೆ ನೋಡಿದಳು. "ಚಿಹ್ನೆ ತಿರುಗಿಸಿದ್ರೆ ಸಾಕಲ್ವಾ ಮಾವ?" ಎಂದಳು. ನನಗೆ ಒಂದು ರಾತ್ರಿ ಹಿಡಿದಿತ್ತು. ಲ್ಯಾಪ್‌ಟಾಪ್ ತೆರೆದು ಚಿಹ್ನೆ ತಿರುಗಿಸಿ ಓಡಿಸಿದಳು. ಉತ್ತರ: 0.

ಮತ್ತೆ ಸೊನ್ನೆ. ಆದರೆ ಈ ಸಲ ಅವಳು ಅಳಲಿಲ್ಲ. ಕಾಗದ ಎಳೆದುಕೊಂಡು ತಾನೇ ನಡೆಸಿ ನೋಡಿದಳು. ಎಡಗೈಯಲ್ಲಿ 0. 34 ಅದಕ್ಕಿಂತ ಚಿಕ್ಕದೇ? ಅಲ್ಲ. 71? ಅಲ್ಲ. ಯಾವುದೂ ಎಡಗೈಗೆ ಬರುವುದೇ ಇಲ್ಲ! "ಅಜ್ಜಿ ಖಾಲಿ ಕೈಯಿಂದ ಶುರು ಮಾಡ್ತಿರಲಿಲ್ಲ. ಮೊದಲನೇ ಕಾಯಿನೇ ಎತ್ತಿಕೊಳ್ತಿದ್ರು" ಎಂದು ತನಗೆ ತಾನೇ ಹೇಳಿಕೊಂಡು, 0 ಇದ್ದ ಕಡೆ ಮೊದಲ ಸಂಖ್ಯೆಯನ್ನಿಟ್ಟಳು. 18 ಬಂತು. ಬೆಳಗಿನಿಂದ ಮೊದಲ ಬಾರಿಗೆ ನಕ್ಕಳು.

ಇನ್ನು ಹೊಸಬರು ಬೀಳುವ ಕೆಲವು ಹಳ್ಳಗಳಿವೆ, ಗುರುತು ಮಾಡಿಟ್ಟುಕೊಳ್ಳಿ. ಒಂದು ಸಮಚಿಹ್ನೆಗೆ 'ಡಬ್ಬಿಯಲ್ಲಿ ಇಡು' ಎಂದರ್ಥ, ಎರಡು ಸಮಚಿಹ್ನೆಗೆ 'ಸಮವೇ?' ಎಂದರ್ಥ. ಕೇಳಬೇಕಾದಲ್ಲಿ ಇಟ್ಟುಬಿಟ್ಟರೆ ಕಂಪೈಲರು ಹೆಚ್ಚೆಂದರೆ ಎಚ್ಚರಿಕೆ ಕೊಟ್ಟೀತು, ತಡೆಯುವುದಿಲ್ಲ. ಫಾರ್ ಸಾಲಿನ ಕೊನೆಯಲ್ಲಿ ಅಭ್ಯಾಸಬಲದಿಂದ ಅರ್ಧವಿರಾಮ ಹಾಕಿದರೆ ಅದು ಹತ್ತು ಸಲ ಸುಮ್ಮನೆ ಗಿರಕಿ ಹೊಡೆದು, ಕೆಳಗಿನ ಕೆಲಸವನ್ನು ಒಂದೇ ಸಲ ಮಾಡುತ್ತದೆ. ಸ್ಕ್ಯಾನ್‌ಎಫ್‌ನಲ್ಲಿ ಸಂಖ್ಯೆ ಓದಿಸುವಾಗ ಡಬ್ಬಿಯ ಹೆಸರಿನ ಹಿಂದೆ & ಚಿಹ್ನೆ ಮರೆಯಬಾರದು; ಅದು ಡಬ್ಬಿಯ ವಿಳಾಸ, ವಿಳಾಸವಿಲ್ಲದೆ ಕಾಗದ ಮುಟ್ಟುವುದಿಲ್ಲ. ಐದು ಮನೆಯ ವಠಾರದಲ್ಲಿ ಮನೆ ನಂಬರು ಸೊನ್ನೆಯಿಂದ ನಾಲ್ಕರವರೆಗೆ. ಐದನೇ ನಂಬರಿನ ಬಾಗಿಲು ತಟ್ಟಿದರೆ ಅದು ಬೇರೆಯವರ ಮನೆ, ಸಿ ನಿಮ್ಮನ್ನು ತಡೆಯುವುದಿಲ್ಲ. ಬರೆಯುವವನಿಗೆ ಗೊತ್ತಿದೆ ಎಂದು ನಂಬಿಬಿಡುವುದು ಅದರ ದೊಡ್ಡ ಗುಣ, ದೊಡ್ಡ ದೋಷ ಕೂಡ.

ತಂದೆ ತಾಯಂದಿರಿಗೆ

ಮಧ್ಯಾಹ್ನದ ಊಟವಾದ ಮೇಲೆ ಭಾವ ಮತ್ತೆ ಹದಿನೆಂಟು ಸಾವಿರದ ಮಾತೆತ್ತಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ಸಿ ಕಲಿಯಲು ದುಬಾರಿ ಯಂತ್ರ ಬೇಡ. ಹಳೆಯ, ಕೈ ಬದಲಾದ ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು. ಅದೂ ಇಲ್ಲದಿದ್ದರೆ ಕಾಲೇಜಿನ ಲ್ಯಾಬಿದೆ. ಜಿಸಿಸಿ ಎಂಬ ಕಂಪೈಲರು 1987ರಿಂದಲೂ ಮುಕ್ತವಾಗಿ ಸಿಗುತ್ತಿದೆ, ಒಂದು ಪೈಸೆ ಕೊಡಬೇಕಿಲ್ಲ. ತರಗತಿಗೆ ಸೇರಿಸುವುದು ತಪ್ಪಲ್ಲ. ಆದರೆ ಸೇರಿಸುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಮಕ್ಕಳಿಂದ ಬರೆಸುತ್ತೀರೋ, ಬರೆದದ್ದನ್ನು ಕೊಡುತ್ತೀರೋ? ಬರೆದುಕೊಡುವ ಕಡೆಗೆ ದುಡ್ಡು ಸುರಿಯಬೇಡಿ.

ಸಿ ಹಳೆಯದಾಯಿತು, ಈಗೆಲ್ಲ ಪೈಥಾನ್ ಅಂತೆ ಎಂದು ಕೇಳುವವರಿದ್ದಾರೆ. ಪೈಥಾನಿನಿಂದ ಶುರುಮಾಡಿದರೂ ನಷ್ಟವೇನಿಲ್ಲ. ಸುಲಭದ ಭಾಷೆ, ಮಕ್ಕಳಿಗೆ ಬೇಗ ಖುಷಿ ಕೊಡುತ್ತದೆ. ಆದರೆ ಜನ ಹೆಚ್ಚಾಗಿ ಬಳಸುವ ಪೈಥಾನ್ ತಾನೇ ಸಿ ಭಾಷೆಯಲ್ಲಿ ಬರೆದದ್ದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಹೊರತಂದ ಲಿನಕ್ಸಿನ ತಿರುಳೂ ಬಹುಪಾಲು ಸಿ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಳದಲ್ಲಿ ಕೂತಿರುವುದೂ ಅದೇ ಲಿನಕ್ಸು. ಡಬ್ಬಿಯ ಅಳತೆ ಎಷ್ಟು, ಅದು ಉಕ್ಕಿದರೆ ಏನು ಎಂಬುದನ್ನು ಸಿ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಬೇರೆ ಭಾಷೆಗಳು ಅದನ್ನು ಪರದೆಯ ಹಿಂದೆ ಸಂಭಾಳಿಸುತ್ತವೆ.

ಇನ್ನೊಂದು ಹೊಸ ಆಮಿಷವಿದೆ. ಕೇಳಿದ ಕ್ಷಣದಲ್ಲಿ ಇಡೀ ಪ್ರೋಗ್ರಾಮು ಬರೆದುಕೊಡುವ ಎಐ ತಂತ್ರಾಂಶಗಳು ಈಗ ಮಕ್ಕಳ ಫೋನಿನಲ್ಲೇ ಇವೆ. ಅವನ್ನು ಬೈಯುವವನು ನಾನಲ್ಲ, ನಾನೂ ಬಳಸುತ್ತೇನೆ. ಆದರೆ ಕಲಿಯುವ ಕಾಲದಲ್ಲಿ ಅದರಿಂದ ಪಡೆದು ಒಪ್ಪಿಸುವುದಕ್ಕೂ, ನಾನು ಅಂದು ಬೇಕರಿಯ ಮಹಡಿಯಲ್ಲಿ ಬೋರ್ಡು ನೋಡಿ ಇಳಿಸಿಕೊಂಡದ್ದಕ್ಕೂ ಏನು ವ್ಯತ್ಯಾಸ? ಮೊದಲು ಸ್ವಂತ ಪ್ರಯತ್ನ, ಪೆನ್ಸಿಲ್ಲಿನ ನಡಿಗೆ. ಆಮೇಲೆ ಎಲ್ಲಿ ಎಡವಿದೆನೆಂದು ಅದನ್ನು ಕೇಳಲಿ. ಕ್ರಮ ತಪ್ಪಿದರೆ ಉತ್ತರ ಸೊನ್ನೆ ಎಂಬುದನ್ನು ಶೇಕಡಾ ಲೆಕ್ಕದಲ್ಲೇ ನೋಡಿದೆವಲ್ಲ!

ಮತ್ತೆ, ತಂದೆ ತಾಯಂದಿರೇ, ನಮಗೇನೂ ತಿಳಿಯದು ಎಂದು ದೂರ ಕೂರಬೇಡಿ. ಭಾವ ಇದುವರೆಗೆ ಕೀಬೋರ್ಡು ಮುಟ್ಟಿದವರಲ್ಲ. ಆದರೆ ಮಗಳಿಗೆ ಇಂಟ್ ಎಂದರೇನೆಂದು ಮನಸ್ಸಿಗೆ ಮುಟ್ಟಿಸಿದವರು ಅವರೇ. ಮಗ ಅಥವಾ ಮಗಳು ಬರೆದದ್ದನ್ನು ನಿಮಗೆ ಕನ್ನಡದಲ್ಲಿ ವಿವರಿಸಲು ಹೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ವಿವರಿಸುತ್ತ ಹೋದಂತೆ ತಪ್ಪು ಎಲ್ಲಿದೆಯೆಂದು ಅವರಿಗೇ ಕಾಣುತ್ತದೆ.

ಸಂಜೆಯ ರೈಲಿಗೆ ಇಬ್ಬರೂ ಹೊರಟರು. ಸೊಸೈಟಿ ಸಾಲದ ಮಾತು ಅಲ್ಲಿಗೇ ನಿಂತಿತು. ಪುಟ್ಟಿ ಮರುದಿನ ಹಾಸ್ಟೆಲಿಗೆ ಹೋದಳೆಂದು ಅಕ್ಕ ಫೋನು ಮಾಡಿ ಹೇಳಿದಳು. ಎರಡನೇ ಟೆಸ್ಟಿನಲ್ಲಿ ಹನ್ನೊಂದು ಬಂತು. ಇಪ್ಪತ್ತಕ್ಕೆ ಹನ್ನೊಂದು ಏನು ಮಹಾ ಎನ್ನಬೇಡಿ, ಅದರಲ್ಲಿ ಒಂದೂ ಬಾಯಿಪಾಠದ್ದಲ್ಲ.

ಮೊನ್ನೆ ರಾತ್ರಿ ಅವಳೇ ಫೋನು ಮಾಡಿದ್ದಳು. "ಮಾವ, ಅವತ್ತಿನ ಶೇಕಡಾ ಪ್ರೋಗ್ರಾಮಿಗೆ ಸುಮ್ನೆ 601 ಅಂತ ಕೊಟ್ಟೆ. ನೂರು ಪಾಯಿಂಟ್ ಒಂದು ಏಳು ಅಂತ ಬಂತು. ಆರುನೂರಕ್ಕೆ ಆರುನೂರ ಒಂದು ಹ್ಯಾಗೆ ಬರುತ್ತೆ? ಯಾರಾದ್ರೂ ತಪ್ಪಾಗಿ ಟೈಪ್ ಮಾಡಿದ್ರೆ ನಾನು ತಡೀಬೇಕಿತ್ತಲ್ವಾ?"

ಯಾರೂ ಅವಳನ್ನು ಆ ಪ್ರಶ್ನೆ ಕೇಳಿರಲಿಲ್ಲ. ಯಾವ ನೋಟ್‌ಬುಕ್ಕಿನಲ್ಲೂ ಅದು ಇರಲಿಲ್ಲ.

"ತಡೀಬೇಕಿತ್ತು ಪುಟ್ಟಿ. ಹ್ಯಾಗೆ ತಡೀತೀಯ?" ಎಂದೆ.

"ಇಫ್ ಹಾಕಿದೀನಿ" ಎಂದಳು. "ಸೊನ್ನೆಗಿಂತ ಕಡಿಮೆ ಕೊಟ್ರೂ ಬೈಯುತ್ತೆ."